ನನ್ನದೇ ಆದ ಫೋಟೋ ಸ್ಟೈಲ್ ಬೆಳೆಸಿಕೊಳ್ಳುವುದು ಹೇಗೆ?

ಮೂರು ವರ್ಷದಿಂದ ಫೋಟೋ ತೆಗೆಯುತ್ತಿದ್ದರೂ ನಿಮ್ಮದು ಅಂತ ಗುರುತಾಗುವ ಸ್ಟೈಲ್ ಬಂದಿಲ್ಲ ಅಂತ ಬರೆದಿದ್ದೀರಿ. 2016ರಲ್ಲಿ ನನಗೂ ಇದೇ ಚಿಂತೆ ಇತ್ತು. ಸ್ಟೈಲ್ ಹುಡುಕುವುದನ್ನು ಇವತ್ತೇ ಬಿಡಿ.

ನಾನು ದಾವಣಗೆರೆಯವನು. ಆಗ ಮೈಸೂರಿನ ಹೆಸರಾಂತ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಫೋಟೋಗಳ ಹುಚ್ಚು ಹಿಡಿದಿತ್ತು. ನಾನೂ ಹಾಗೇ ತೆಗೆಯಬೇಕು, ನೋಡಿದವರು 'ಇದು ಇವನದೇ' ಅನ್ನಬೇಕು ಅಂತ ಆಸೆ. ಇನ್ನೊಬ್ಬರ ಹಾಗೆ ತೆಗೆದದ್ದು ನನ್ನದು ಹೇಗಾಗುತ್ತೆ ಅಂತ ಹೊಳೆಯಲೇ ಇಲ್ಲ.

ನಮ್ಮೂರಿನ ಮಂಡಕ್ಕಿ ಭಟ್ಟಿಗೆ ಹೋಗಲು ಶುರು ಮಾಡಿದೆ. ಬೆಳಗಿನ ಜಾವವೇ ಅಲ್ಲಿ ಒಲೆ ಉರಿಯುತ್ತಿತ್ತು. ಕಾದ ಮರಳಿಗೆ ಅಕ್ಕಿ ಬಿದ್ದರೆ ಕ್ಷಣದಲ್ಲಿ ಅರಳುತ್ತೆ. ಆ ಕತ್ತಲಲ್ಲಿ ನನ್ನ ಮಾಮೂಲಿ 18-55 ಲೆನ್ಸ್‌ಗೆ ಫಾಸ್ಟ್ ಶಟರ್ ಸಿಗುತ್ತಿರಲಿಲ್ಲ. ಶಟರ್ 1/30 ಸೆಕೆಂಡ್ ತೆರೆದಿಟ್ಟು ತೆಗೆದರೆ ಹಾರುವ ಕಾಳು ಬಿಳಿ ಗೆರೆಯಾಗುತ್ತಿತ್ತು. ಚೆನ್ನಾಗೇ ಇತ್ತು.

ತಪ್ಪು ಆಗಿದ್ದು ಇಲ್ಲಿ. ಕ್ಯಾಮೆರಾವನ್ನು ಮಾನೋಕ್ರೋಮ್‌ಗೆ, ಅಂದರೆ ಕಪ್ಪು-ಬಿಳುಪಿಗೆ ಹಾಕಿ, ಬರೀ ಜೆಪೆಗ್ ಉಳಿಸುತ್ತಿದ್ದೆ. ಕಾರ್ಡಿನಲ್ಲಿ ಜಾಗ ಉಳಿಯಲಿ ಅಂತ ರಾ (RAW) ಫೈಲ್, ಅಂದರೆ ಸೆನ್ಸರ್ ಹಿಡಿದದ್ದನ್ನೆಲ್ಲ ಹಾಗೇ ಉಳಿಸುವ ದೊಡ್ಡ ಫೈಲ್, ಬೇಡ ಅಂದುಕೊಂಡೆ. ರಾ ಇದ್ದಿದ್ದರೆ ಸ್ಕ್ರೀನಿನಲ್ಲಿ ಕಪ್ಪು-ಬಿಳುಪು ಕಂಡರೂ ಬಣ್ಣ ಒಳಗೆ ಇರುತ್ತಿತ್ತು. ಮಾನೋಕ್ರೋಮ್ ಜೆಪೆಗ್‌ನಲ್ಲಿ ಬಣ್ಣ ಉಳಿಯುವುದೇ ಇಲ್ಲ. ಯಾವ ಸಾಫ್ಟ್‌ವೇರ್ ಬಂದರೂ ಆ ಬಣ್ಣ ವಾಪಸ್ ಬರಲ್ಲ. ಎರಡು ತಿಂಗಳು, ಪ್ರತಿ ಭಾನುವಾರ, ಹೀಗೇ ತೆಗೆದೆ. ಬಣ್ಣ ಬೇಕಾ ಅಂತ ಯೋಚಿಸಿ ತೆಗೆದುಕೊಂಡ ತೀರ್ಮಾನವಲ್ಲ ಅದು. ಭಟ್ಟಿ ನೋಡುವ ಮೊದಲೇ ಮನೆಯಲ್ಲಿ ಕೂತು ಸೆಟ್ ಮಾಡಿದ್ದೆ. ನನಗೆ ಇವತ್ತಿಗೂ ಚುಚ್ಚುವುದು ಅದು.

ಹತ್ತು ಪ್ರಿಂಟ್ ಹಾಕಿಸಿ, ಒಲೆ ಮುಂದೆ ಕೂರುತ್ತಿದ್ದ ಅಕ್ಕನಿಗೆ ಕೊಟ್ಟೆ. ಒಂದೊಂದಾಗಿ ನೋಡಿದರು. 'ಬೆಂಕಿನೇ ಇಲ್ಲಲ್ಲಪ್ಪಾ ಇದ್ರಾಗ' ಅಂದರು.

ನಿಜ. ಬೆಂಕಿ ಬರೀ ಬಿಳಿ ಕಲೆಯಾಗಿತ್ತು. ಅವರ ಮುಖದ ಒಂದು ಕಡೆ ಬೀಳುತ್ತಿದ್ದ ಕೆಂಪು, ಇನ್ನೊಂದು ಕಡೆ ಬಾಗಿಲಿನಿಂದ ಬರುತ್ತಿದ್ದ ಮುಂಜಾವಿನ ನೀಲಿ, ಮಸಿ ಹಿಡಿದ ಹಸಿರು ಗೋಡೆ, ಯಾವುದೂ ಇಲ್ಲ. ನಾನು ಅಷ್ಟು ದಿನ ಅಲ್ಲೇ ನಿಂತಿದ್ದೆ, ಅದನ್ನೆಲ್ಲ ನೋಡಿರಲಿಲ್ಲ. ಬಣ್ಣದಲ್ಲಿ ತೆಗೆಯೋಣ ಅಂತ ಮಳೆಗಾಲ ಕಳೆದ ಮೇಲೆ ಹೋದರೆ ಆ ಶೆಡ್ ಕೆಡವಿದ್ದರು. ಅಕ್ಕ ಬೇರೆ ಭಟ್ಟಿಗೆ ಹೋಗಿದ್ದರು.

ಕಪ್ಪು-ಬಿಳುಪು ಕೆಟ್ಟದ್ದು ಅಂತ ಹೇಳ್ತಿಲ್ಲ. ಸತ್ಯನ್ ಅವರ ಫೋಟೋದಲ್ಲಿ ಮೊದಲು ಕಾಣುವುದು ಎದುರಿಗಿದ್ದ ಮನುಷ್ಯ. ನನ್ನವುಗಳಲ್ಲಿ ನಾನೇ ಜಾಸ್ತಿ ಕಾಣುತ್ತಿದ್ದೆ. ಪ್ರಿಸೆಟ್ (ಫೋಟೋಗೆ ಒಂದೇ ಕ್ಲಿಕ್ಕಿನಲ್ಲಿ ಹಾಕುವ ರೆಡಿಮೇಡ್ ಎಡಿಟಿಂಗ್ ಸೆಟ್ಟಿಂಗ್) ಕೊಳ್ಳಬೇಕಾ, ಕೋರ್ಸ್ ಸೇರಬೇಕಾ ಅಂತಲೂ ಕೇಳಿದ್ದೀರಿ. ಎರಡೂ ಬೇಡ. ರಾ ಆನ್ ಮಾಡಿ. ನಿಮ್ಮ ಮನೆಗೆ ಹತ್ತಿರದ ಒಂದು ಜಾಗ ಹಿಡಿದು ಆರು ತಿಂಗಳು ಅಲ್ಲಿಗೇ ಹೋಗಿ. ಮೊದಲ ಅರ್ಧ ಗಂಟೆ ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ತೆಗೆದದ್ದನ್ನು ಪ್ರಿಂಟ್ ಹಾಕಿಸಿ, ಅದರಲ್ಲಿರುವವರ ಕೈಗೇ ಕೊಡಿ, ಅವರು ಏನಂತಾರೆ ಕೇಳಿ.

ಅಕ್ಕ ಈಗ ಕೂರುವ ಭಟ್ಟಿಗೆ ಈಗಲೂ ಹೋಗುತ್ತೇನೆ. ಅಲ್ಲಿ ಗೋಡೆಗೆ ಸುಣ್ಣ ಬಳಿದಿದ್ದಾರೆ. ಕೆಂಪು ಬೆಳಕು ಅದರ ಮೇಲೆ ಬೇರೆ ಥರ ಬೀಳುತ್ತೆ.