ಗೇರಿನ ಗಾಡಿಗೆ ರಿಮೋಟ್ ಸ್ಟಾರ್ಟ್ ಹಾಕಿಸಬಹುದಾ?

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯ ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರ್. ಏಪ್ರಿಲ್ ಬಂತೆಂದರೆ ಆಫೀಸಿನ ಹೊರಗೆ ರಸ್ತೆ ಬದಿ ನಿಲ್ಲಿಸಿದ ಗಾಡಿಯ ಸ್ಟೇರಿಂಗ್ ಮುಟ್ಟೋಕೆ ಆಗಲ್ಲ. ಅಂಗಡಿಯವರು ಅಲಾರಂ ಜೊತೆ ರಿಮೋಟ್ ಸ್ಟಾರ್ಟ್ ಕೂಡ ಇರುವ ಕಿಟ್ ತೋರಿಸಿದರು. ಮೆಟ್ಟಿಲು ಇಳಿಯುವಾಗಲೇ ಬಟನ್ ಒತ್ತಿದರೆ ನೀವು ಬರುವಷ್ಟರಲ್ಲಿ ಒಳಗೆ ತಣ್ಣಗಿರುತ್ತೆ ಅಂದರು. ಹಾಕಿಸಲಾ?
— ಬ್ಯಾಂಕ್ ಉದ್ಯೋಗಿ, ಬಳ್ಳಾರಿ

ಉತ್ತರ: ಅಲಾರಂ ಹಾಕಿಸಿ. ರಿಮೋಟ್ ಸ್ಟಾರ್ಟ್ ಬೇಡ. ನಿಮ್ಮ ಗಾಡಿಗಂತೂ ಖಂಡಿತ ಬೇಡ.

ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ಇದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತಿದೆ. ಈ ಕಿಟ್ ಮಾಡುವ ಕೆಲಸ ಸರಳ. ನೀವು ಕೀ ತಿರುಗಿಸಿದಾಗ ಏನಾಗುತ್ತೋ ಅದನ್ನೇ ರಿಲೇಗಳ, ಅಂದರೆ ಕರೆಂಟಿನಿಂದ ಕೆಲಸ ಮಾಡುವ ಸ್ವಿಚ್ಚುಗಳ ಮೂಲಕ ಮಾಡುತ್ತೆ. ಮೊದಲು ಇಗ್ನಿಷನ್ ವೈರಿಗೆ 12 ವೋಲ್ಟ್ ಕೊಡುತ್ತೆ, ಆಮೇಲೆ ಸ್ಟಾರ್ಟರ್ ಮೋಟರಿಗೆ ಕೊಡುತ್ತೆ, ಎಂಜಿನ್ ಹಿಡಿಯಿತು ಅಂತ ಗೊತ್ತಾದ ಕೂಡಲೇ ಸ್ಟಾರ್ಟರ್ ಬಿಟ್ಟು ಎಸಿ, ಬ್ಲೋವರ್ ಲೈನಿಗೆ ಕರೆಂಟ್ ಕೊಡುತ್ತೆ. ಎಂಜಿನ್ ಹಿಡಿದಿದ್ದು ಅದಕ್ಕೆ ಗೊತ್ತಾಗೋದು ಎಂಜಿನ್ ತಿರುಗುವ ವೇಗ ತಿಳಿಸುವ ಆರ್‌ಪಿಎಂ ವೈರಿನಿಂದ, ಇಲ್ಲಾ ಬ್ಯಾಟರಿ ವೋಲ್ಟೇಜ್ ಏರಿದ್ದರಿಂದ. ಆದರೆ ಗಾಡಿ ಗೇರಿನಲ್ಲಿದೆಯೋ ನ್ಯೂಟ್ರಲ್‌ನಲ್ಲಿದೆಯೋ ಅನ್ನೋದು ಅದಕ್ಕೆ ತಿಳಿಯಲ್ಲ.

ಆಟೊಮ್ಯಾಟಿಕ್ ಗಾಡಿಯಲ್ಲಿ ಇದು ದೊಡ್ಡ ವಿಷಯ ಅಲ್ಲ. ಲಿವರ್ ಪಾರ್ಕ್‌ನಲ್ಲೋ ನ್ಯೂಟ್ರಲ್‌ನಲ್ಲೋ ಇಲ್ಲದಿದ್ದರೆ ಸ್ಟಾರ್ಟರ್ ತಿರುಗದಂತೆ ಕಂಪನಿಯೇ ಸ್ವಿಚ್ ಇಟ್ಟಿರುತ್ತೆ. ಮ್ಯಾನ್ಯುಯಲ್ ಗಾಡಿಯಲ್ಲಿ ಆ ಕಾವಲು ಇಲ್ಲ. ನಮ್ಮಲ್ಲಿ ಗಾಡಿ ನಿಲ್ಲಿಸಿ ಫಸ್ಟ್ ಗೇರ್ ಹಾಕಿ ಇಳಿಯೋದು ಡ್ರೈವಿಂಗ್ ಕಲಿತ ದಿನದಿಂದ ಬಂದ ಅಭ್ಯಾಸ. ಒಳ್ಳೆಯ ಅಭ್ಯಾಸವೇ. ಆದರೆ ಗೇರಿನಲ್ಲಿರುವ ಗಾಡಿಗೆ ಸ್ಟಾರ್ಟರ್ ತಿರುಗಿತು ಅಂದರೆ ಸ್ಟಾರ್ಟರ್ ಮೋಟರೇ ಗಾಡಿಯನ್ನು ಮುಂದಕ್ಕೆ ನೂಕುತ್ತೆ, ಅಷ್ಟರಲ್ಲಿ ಎಂಜಿನ್ ಹಿಡಿದುಬಿಟ್ಟರೆ ಒಳಗೆ ಯಾರೂ ಇಲ್ಲದ ಕಾರು ತಾನಾಗೇ ಹೊರಡುತ್ತೆ, ಎದುರಿಗೆ ಗೋಡೆ ಇರಬಹುದು, ಕಬ್ಬಿನ ಹಾಲಿನ ಗಾಡಿ ಇರಬಹುದು, ಆಟ ಆಡುತ್ತಿರುವ ಮಗು ಇರಬಹುದು. ಕ್ಲಚ್ ತುಳಿಯದೆ ಸ್ಟಾರ್ಟ್ ಆಗದ ಗಾಡಿಗಳಲ್ಲಿ ಕ್ಲಚ್ ಸ್ವಿಚ್ ಇದನ್ನು ತಡೆಯುತ್ತೆ ಅಲ್ವಾ ಅಂತ ನೀವು ಕೇಳಬಹುದು. ರಿಮೋಟ್ ಸ್ಟಾರ್ಟ್ ಕೆಲಸ ಮಾಡಬೇಕಾದರೆ ಆ ಸ್ವಿಚ್ಚನ್ನೇ ಬೈಪಾಸ್ ಮಾಡಬೇಕು, ಅಂದರೆ ಅದರ ತಡೆ ಕೆಲಸ ಮಾಡದಂತೆ ವೈರ್ ಜೋಡಿಸಬೇಕು. ಫಿಟ್ಟರ್ ಮೊದಲು ಅದನ್ನೇ ಮಾಡ್ತಾನೆ.

ಒಳ್ಳೆಯ ಕಿಟ್‌ಗಳಲ್ಲಿ ಇದಕ್ಕೊಂದು ಉಪಾಯ ಇದೆ. ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಾಗಲೇ ಕೀ ತೆಗೆದು ಇಳಿದು ಬಾಗಿಲು ಹಾಕಬೇಕು. ಬಾಗಿಲು ಲಾಕ್ ಮಾಡಿದ ಮೇಲೆ ಎಂಜಿನ್ ನಿಲ್ಲುತ್ತೆ. ಎಂಜಿನ್ ಓಡುತ್ತಿದ್ದಾಗಲೇ ನೀವು ಇಳಿದಿರಿ, ಗಾಡಿ ಮುಂದೆ ಹೋಗಲಿಲ್ಲ, ಅಂದರೆ ಗೇರಿನಲ್ಲಿ ಇಲ್ಲ ಅನ್ನೋದು ಇದರ ಲೆಕ್ಕ. ಮತ್ತೆ ಯಾವುದಾದರೂ ಬಾಗಿಲು ತೆರೆದರೆ ರಿಮೋಟ್ ಸ್ಟಾರ್ಟ್ ರದ್ದು. ಬುದ್ಧಿವಂತಿಕೆಯ ಲೆಕ್ಕವೇ. ಆದರೆ ಅದು ಪೂರ್ತಿ ನಿಂತಿರೋದು ಬಾಗಿಲಿನ ಸಣ್ಣ ಸ್ವಿಚ್ ಮೇಲೆ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಮೇಲೆ. ನಮ್ಮ ಧೂಳಿನಲ್ಲಿ ಬಾಗಿಲಿನ ಸ್ವಿಚ್ ಕೈಕೊಡೋದು ಹೊಸದೇನಲ್ಲ. ಕಿಟಕಿ ಇಳಿಸಿ ಬಿಟ್ಟಿದ್ದರೆ ಹೊರಗಿನಿಂದಲೇ ಕೈ ಹಾಕಿ ಯಾರಾದರೂ ಗೇರ್ ಎಳೆಯಬಹುದು, ಆಗ ಬಾಗಿಲು ತೆರೆದೇ ಇಲ್ಲವಲ್ಲ! ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲವಾಗಿದ್ದರೂ ಡ್ಯಾಶ್‌ಬೋರ್ಡಿನ ದೀಪ ಉರಿಯುತ್ತೆ, ಕಿಟ್ ಸುಮ್ನೆ ನಂಬುತ್ತೆ.

ಇನ್ನೊಂದು ವಿಷಯ ಅಂಗಡಿಯವರು ಹೇಳಿರೋದು ಅನುಮಾನ. ನಿಮ್ಮ ಕೀ ಒಳಗೆ ಒಂದು ಚಿಪ್ ಇದೆ. ಆ ಚಿಪ್ ಹತ್ತಿರ ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗಲ್ಲ, ಅದೇ ಇಮ್ಮೊಬಿಲೈಸರ್. ಕೀ ಇಲ್ಲದೆ ಸ್ಟಾರ್ಟ್ ಮಾಡಬೇಕಾದರೆ ಅದಕ್ಕೂ ಬೈಪಾಸ್ ಬೇಕು. ಅಗ್ಗದ ದಾರಿ ಅಂದರೆ ನಿಮ್ಮ ಸ್ಪೇರ್ ಕೀಯನ್ನೇ ಸಣ್ಣ ಡಬ್ಬಿಯಲ್ಲಿ ಹಾಕಿ ಡ್ಯಾಶ್‌ಬೋರ್ಡ್ ಕೆಳಗೆ ಕಟ್ಟಿಬಿಡೋದು. ಕಳ್ಳತನ ತಡೆಯಲು ದುಡ್ಡು ಕೊಟ್ಟು, ಅಸಲಿ ಕೀಯನ್ನು ಗಾಡಿಯೊಳಗೇ ಬಿಟ್ಟು ಬಂದ ಹಾಗಾಯಿತು. ಅಕಸ್ಮಾತ್ ಗಾಡಿ ಕಳುವಾದರೆ ಇನ್ಶೂರೆನ್ಸ್‌ನವರು ಎರಡೂ ಕೀ ಕೇಳ್ತಾರೆ. ಆಗ ಏನು ಕೊಡ್ತೀರಿ?

ಕಾನೂನೂ ನಿಮ್ಮ ಕಡೆ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಗಾಡಿ ನಿಂತಿದ್ದರೆ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲವೇ ಎಂಜಿನ್ ನಿಂತಿರಬೇಕು, ಬ್ರೇಕ್ ಹಾಕಿರಬೇಕು. ಆಫೀಸಿನ ಹೊರಗಿನ ರಸ್ತೆ ಸಾರ್ವಜನಿಕ ಜಾಗವೇ.

ಬಿಸಿಲಿನ ಕಷ್ಟ ನಿಜ, ಅದನ್ನು ನಾನು ಕಡಿಮೆ ಮಾಡಿ ಹೇಳಲ್ಲ. ಹೊರಗೆ 42 ಡಿಗ್ರಿ ಇದ್ದಾಗ ಗಾಜು ಮುಚ್ಚಿದ ಗಾಡಿಯೊಳಗೆ 60 ದಾಟೋದು ಸಹಜ. ಆದರೆ ನಿಂತಲ್ಲೇ ಐಡಲ್‌ನಲ್ಲಿ ಎಸಿ ಅಷ್ಟೇನೂ ತಂಪು ಮಾಡಲ್ಲ, ಕಂಪ್ರೆಸರ್ ನಿಧಾನ ತಿರುಗುತ್ತೆ, ಮುಂದಿನಿಂದ ಗಾಳಿಯೂ ನುಗ್ಗಲ್ಲ. ಅದಕ್ಕಿಂತ ಮುಂದಿನ ಗಾಜಿಗೆ ಒಳಗಿನಿಂದ ಬೆಳ್ಳಿ ಬಣ್ಣದ ಸನ್‌ಶೇಡ್ ಹಾಕಿ, ಸ್ಟೇರಿಂಗ್ ಮೇಲೊಂದು ಟವೆಲ್ ಮುಚ್ಚಿ. ಬಂದಾಗ ಎಲ್ಲ ಕಿಟಕಿ ಇಳಿಸಿ, ಬ್ಲೋವರ್ ಜೋರಾಗಿಟ್ಟು ಎರಡು ನಿಮಿಷ ಹಾಗೇ ಓಡಿಸಿ. ಒಳಗಿನ ಬಿಸಿ ಗಾಳಿ ಹೊರಗೆ ಹೋಗುತ್ತೆ. ಆಮೇಲೆ ಗಾಜು ಏರಿಸಿ, ಒಳಗಿನ ಗಾಳಿಯನ್ನೇ ಮತ್ತೆ ಸುತ್ತಿಸುವ ರೀಸರ್ಕ್ಯುಲೇಷನ್ ಬಟನ್ ಒತ್ತಿ. ರಾಯಲ್ ಸರ್ಕಲ್ ದಾಟುವಷ್ಟರಲ್ಲಿ ವ್ಯತ್ಯಾಸ ಗೊತ್ತಾಗುತ್ತೆ.

ಪ್ರಶ್ನೆ: ಮನೆ ಮುಂದೆಯೇ ಲಾರಿಗಳು ಓಡಾಡುವ ರಸ್ತೆ. ಅಲಾರಂ ಹಾಕಿಸಿದ ಮೇಲೆ ರಾತ್ರಿ ಲೋಡ್ ಲಾರಿ ಹೋದರೆ ಸಾಕು, ಕೂಗೋಕೆ ಶುರು. ಅಕ್ಕಪಕ್ಕದವರು ಬೈತಿದ್ದಾರೆ. ಕಿಟ್ ಬದಲಿಸಬೇಕಾ?
— ಗೃಹಿಣಿ, ರಾಯಚೂರು

ಉತ್ತರ: ಬದಲಿಸಬೇಡಿ. ತಪ್ಪು ಬಹುಶಃ ಅಲುಗಾಟ ಗುರುತಿಸುವ ಶಾಕ್ ಸೆನ್ಸರ್ ಸೆಟ್ಟಿಂಗಿನದು. ಅದು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ, ಸಾಮಾನ್ಯವಾಗಿ ಸ್ಟೇರಿಂಗ್ ಕೆಳಗೆ ಇರುತ್ತೆ. ಅದರ ಮೇಲೆ ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಸಣ್ಣ ತಿರುಪು ಇದೆ. ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬನ್ನಿ. ಗಾಜಿನ ಮೇಲೆ ಅಂಗೈಯಿಂದ ಗಟ್ಟಿಯಾಗಿ ತಟ್ಟಿದರೆ ಕೂಗಬೇಕು, ಲಾರಿ ಹೋದರೆ ಕೂಗಬಾರದು, ಅಲ್ಲಿಗೆ ನಿಲ್ಲಿಸಿ. ಎರಡು ಹಂತದ ಸೆನ್ಸರ್ ಇದ್ದರೆ ಇನ್ನೂ ಒಳ್ಳೆಯದು, ಸಣ್ಣ ಅಲುಗಾಟಕ್ಕೆ ಒಂದೆರಡು ಸಲ ಚಿಲಿಪಿಲಿ ಅಂದು ಸುಮ್ಮನಾಗುತ್ತೆ.

ಲಾರಿ ಇಲ್ಲದಾಗಲೂ ಕೂಗಿದರೆ ಬಾನೆಟ್ ತೆರೆದದ್ದನ್ನು ಅಲಾರಂಗೆ ತಿಳಿಸುವ, ಬಾನೆಟ್ ಕೆಳಗಿನ ಪಿನ್ ಸ್ವಿಚ್ ನೋಡಿ. ಶಕ್ತಿನಗರದ ವಿದ್ಯುತ್ ಸ್ಥಾವರದ ಕಡೆ ಗಾಳಿಯಲ್ಲಿ ಬರುವ ಬೂದಿ, ಮಳೆಗಾಲದಲ್ಲಿ ಅದರ ಮೇಲೆ ಕೂರುವ ಕೆಸರು, ಇವು ಪಿನ್ನನ್ನು ಅಂಟಿಸಿಬಿಡುತ್ತವೆ. ಒರೆಸಿ ಸ್ವಲ್ಪ ಗ್ರೀಸ್ ಹಚ್ಚಿದರೆ ಸರಿಯಾಗುತ್ತೆ. ನೆರೆಯವರು ಬೈಯೋದರಲ್ಲಿ ತಪ್ಪಿಲ್ಲ ಅನ್ನೋದೂ ಹೇಳಲೇಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಸೈರನ್ 100 ಡೆಸಿಬೆಲ್‌ಗೂ ಜಾಸ್ತಿ. ಪಕ್ಕದ ಮನೆಯಲ್ಲಿ ವಯಸ್ಸಾದವರು, ಪರೀಕ್ಷೆಗೆ ಓದುವ ಮಕ್ಕಳು ಇರ್ತಾರೆ. ಇವತ್ತೇ ಸರಿ ಮಾಡಿಸಿ.

ಪ್ರಶ್ನೆ: ಕೆಲಸದ ಮೇಲೆ ಮೂರು ವಾರ ಬೆಂಗಳೂರಿಗೆ ಹೋಗಿ ಬಂದರೆ ಗಾಡಿ ಬ್ಯಾಟರಿ ಖಾಲಿ. ಅಲಾರಂ ಹಾಕಿಸುವ ಮೊದಲು ಹೀಗಾಗುತ್ತಿರಲಿಲ್ಲ.
— ಅಕ್ಕಿ ವ್ಯಾಪಾರಿ, ಗಂಗಾವತಿ

ಉತ್ತರ: ಲೆಕ್ಕ ಹಾಕೋಣ. ನಿಂತ ಗಾಡಿ ತನ್ನಷ್ಟಕ್ಕೇ 30 ಮಿಲಿಆಂಪ್ ಎಳೆಯುತ್ತೆ ಅಂದುಕೊಳ್ಳಿ. ಅಲಾರಂ 20 ಸೇರಿಸಿದರೆ 50. ದಿನಕ್ಕೆ 1.2 ಆಂಪಿಯರ್ ಅವರ್, ಮೂರು ವಾರಕ್ಕೆ 25. ಸಣ್ಣ ಕಾರಿನ ಬ್ಯಾಟರಿಯೇ 35 ಆಂಪಿಯರ್ ಅವರ್, ಹಳೆಯದಾದ ಮೇಲೆ ಅಷ್ಟೂ ಇರಲ್ಲ. ಹಾಗಾಗಿ ಅಲಾರಂ ಕೆಟ್ಟಿದೆ ಅಂತಲೇ ಅಲ್ಲ. ಎಲೆಕ್ಟ್ರಿಷಿಯನ್ ಹತ್ತಿರ ಮಲ್ಟಿಮೀಟರ್‌ನಿಂದ ಅಳೆಸಿ. ಬಾಗಿಲು ಲಾಕ್ ಮಾಡಿ ಅರ್ಧ ಗಂಟೆ ಬಿಟ್ಟು ಅಳೆಯಬೇಕು, ಯಾಕಂದ್ರೆ ಗಾಡಿಯ ಕಂಪ್ಯೂಟರ್‌ಗಳು ನಿದ್ದೆಗೆ ಹೋಗೋಕೆ ಸಮಯ ಬೇಕು. 50ರ ಆಸುಪಾಸು ಇದ್ದರೆ ಪರವಾಗಿಲ್ಲ, ಊರು ಬಿಡುವಾಗ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಹೋಗಿ. ಕಿಟ್‌ನ ಸೈರನ್‌ಗೆ ಒಳಗೇ ಬೇರೆ ಬ್ಯಾಟರಿ ಇದ್ದರೆ ಮೊದಲು ಅದರ ಕೀಯಿಂದ ಆಫ್ ಮಾಡಿ, ಇಲ್ಲದಿದ್ದರೆ ಟರ್ಮಿನಲ್ ಬಿಚ್ಚಿದ ಕೂಡಲೇ ಅರಚುತ್ತೆ. 100, 200 ತೋರಿಸಿದರೆ ಮಾತ್ರ ಫಿಟ್ಟಿಂಗ್‌ನಲ್ಲೇ ತಪ್ಪಿದೆ ಅಂತ ತಿಳಿಯಿರಿ.

ನಿಮ್ಮ ಕಡೆ ಮಿಲ್‌ಗಳ ಹತ್ತಿರ ಇಲಿಗಳ ಕಾಟವೂ ಜಾಸ್ತಿ. ಹೊಸದಾಗಿ ಎಳೆದ ವೈರುಗಳನ್ನು ಕಚ್ಚಿವೆಯಾ ಅಂತ ಬಾನೆಟ್ ತೆಗೆದು ಒಮ್ಮೆ ನೋಡಿಬಿಡಿ.

ಪ್ರಶ್ನೆ: ಹೊಸ ಗಾಡಿ. ಹೊರಗಿನ ಅಂಗಡಿಯಲ್ಲಿ ಅಲಾರಂ ಹಾಕಿಸಿದರೆ ವಾರಂಟಿ ಹೋಗುತ್ತಾ? ಇನ್ಶೂರೆನ್ಸ್‌ನಲ್ಲಿ ರಿಯಾಯಿತಿ ಸಿಗುತ್ತೆ ಅಂತಾರೆ, ನಿಜವಾ?
— ಶಾಲಾ ಶಿಕ್ಷಕ, ಕೊಪ್ಪಳ

ಉತ್ತರ: ವೈರ್ ಕತ್ತರಿಸಿದರೆ ಎಲೆಕ್ಟ್ರಿಕಲ್ ವಾರಂಟಿಗೆ ತಕರಾರು ಬರುತ್ತೆ ಅಂತಲೇ ಇಟ್ಟುಕೊಳ್ಳಿ. ನಿಮ್ಮ ಮಾಡೆಲ್‌ಗೆ ಹೊಂದುವ ಕಪ್ಲರ್ ಇರುವ ಕಿಟ್ ಕೇಳಿ, ಕಂಪನಿ ಸಾಕೆಟ್ ಮಧ್ಯೆ ಸಿಕ್ಕಿಸಿದರೆ ಆಯಿತು, ಬೇಡವಾದಾಗ ತೆಗೆಯಬಹುದು. ಕಿಟ್‌ನ ಮುಖ್ಯ ವೈರಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಬೇಕು. ಬರೀ ತಿರುಚಿ ಟೇಪ್ ಸುತ್ತಿದ ಜೋಡಣೆ ಒಪ್ಪಬೇಡಿ, ನಮ್ಮ ಬಿಸಿಲಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತೆ. ಸ್ಟೇರಿಂಗ್ ಕೆಳಗಿನ ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗಿನವು. ಫಿಟ್ಟರ್ ಟೆಸ್ಟ್ ಲ್ಯಾಂಪ್ ಹಿಡಿದು ಅದರ ಹತ್ತಿರ ಹೋದರೆ ಅಲ್ಲೇ ತಡೆಯಿರಿ, ಸಂಕೋಚ ಬೇಡ.

ರಿಯಾಯಿತಿ ನಿಜ. ಆದರೆ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಮಾನ್ಯತೆ ಇರುವ ಸಾಧನಕ್ಕೆ ಮಾತ್ರ, ಅದೂ ಸಾಮಾನ್ಯವಾಗಿ ಓನ್ ಡ್ಯಾಮೇಜ್ (ನಿಮ್ಮದೇ ಗಾಡಿಯ ಹಾನಿಯ) ಪ್ರೀಮಿಯಂನ 2.5 ಶೇಕಡಾ, ಹೆಚ್ಚೆಂದರೆ 500 ರೂಪಾಯಿ. ಅದಕ್ಕಾಗಿಯೇ ಹಾಕಿಸಬೇಡಿ.

ಪ್ರಶ್ನೆ: ನಮ್ಮದು ಆಟೊಮ್ಯಾಟಿಕ್. ಗಾಡಿ ನಿಲ್ಲೋದು ನಮ್ಮದೇ ಕಾಂಪೌಂಡಿನ ಶೆಡ್‌ನಲ್ಲಿ. ರಿಮೋಟ್ ಸ್ಟಾರ್ಟ್ ನಮಗಾದರೂ ಆಗುತ್ತಾ? ಸೆಕೆಂಡ್ ಹ್ಯಾಂಡ್ ಗಾಡಿ, ಹಳೆಯ ಮಾಲೀಕರು ಅಲಾರಂ ಹಾಕಿಸಿದ್ದರು, ಒಂದೇ ರಿಮೋಟ್ ಕೊಟ್ಟಿದ್ದಾರೆ.
— ನಿವೃತ್ತ ನೌಕರರು, ಸಿಂಧನೂರು

ಉತ್ತರ: ನಿಮಗಾಗಬಹುದು. ಆದರೆ ಎರಡು ಕಾವಲು ಇರಲೇಬೇಕು. ಬಾನೆಟ್ ತೆರೆದಿದ್ದರೆ ಸ್ಟಾರ್ಟ್ ಆಗಬಾರದು, ಇಲ್ಲದಿದ್ದರೆ ಮೆಕ್ಯಾನಿಕ್ ಬೆಲ್ಟ್ ಹತ್ತಿರ ಕೈಯಿಟ್ಟಾಗ ಮನೆಯಲ್ಲಿ ಮೊಮ್ಮಗ ಬಟನ್ ಒತ್ತಿದರೆ ಬೆರಳು ಹೋಗುತ್ತೆ. ಕೀ ಇಲ್ಲದೆ ಬ್ರೇಕ್ ತುಳಿದರೆ ಎಂಜಿನ್ ನಿಲ್ಲಬೇಕು, ಆಗ ಕಳ್ಳ ಒಳಗೆ ಬಂದರೂ ಓಡಿಸಲಾಗಲ್ಲ. ದುಡ್ಡು ಕೊಡುವ ಮೊದಲು ಎರಡನ್ನೂ ನೀವೇ ಪರೀಕ್ಷಿಸಿ. ಬೈಪಾಸ್‌ಗೆ ಅಸಲಿ ಕೀ ಕಟ್ಟುವ ಡಬ್ಬಿ ಬೇಡ ಅಂತ ಮೊದಲೇ ಹೇಳಿಬಿಡಿ.

ಶೆಡ್‌ಗೆ ಶಟರ್ ಇದ್ದರೆ ಅದು ಮುಚ್ಚಿರುವಾಗ ಬಟನ್ ಮುಟ್ಟಲೇಬೇಡಿ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ವಾಸನೆ ಇಲ್ಲ, ಬಣ್ಣ ಇಲ್ಲ, ಶೆಡ್‌ನಿಂದ ಮನೆಯೊಳಗೆ ಬಾಗಿಲು ಇದ್ದರೆ ಅಲ್ಲಿಂದ ಒಳಗೂ ಬರುತ್ತೆ, ಮಲಗಿದವರಿಗೆ ಗೊತ್ತೇ ಆಗಲ್ಲ. ರಿಮೋಟ್ ಜೇಬಿನಲ್ಲಿದ್ದು ಅಕಸ್ಮಾತ್ ಒತ್ತಿಹೋಗುವುದೂ ಉಂಟು, ಹಾಗಾಗಿ ಒಂದೇ ಒತ್ತಿಗೆ ಸ್ಟಾರ್ಟ್ ಆಗುವ ಕಿಟ್ ಬೇಡ. ಎಂಜಿನ್ ತಾನಾಗೇ ನಿಲ್ಲುವ ಅವಧಿಯನ್ನು 10 ನಿಮಿಷಕ್ಕಿಂತ ಜಾಸ್ತಿ ಇಡಬೇಡಿ.

ಇನ್ನು ಆ ಒಂದೇ ರಿಮೋಟ್. ಇನ್ನೊಂದು ಎಲ್ಲಿದೆ ಅಂತ ಹಳೆಯ ಮಾಲೀಕರಿಗೂ ನೆನಪಿರದೇ ಇರಬಹುದು. ಅಂಗಡಿಗೆ ಹೋಗಿ ಮೆಮೊರಿಯಲ್ಲಿರುವ ಎಲ್ಲ ರಿಮೋಟ್‌ಗಳನ್ನೂ ಅಳಿಸಿಸಿ, ನಿಮ್ಮ ಕೈಯಲ್ಲಿರುವುದನ್ನು ಮತ್ತು ಹೊಸದೊಂದನ್ನು ಸೇರಿಸಿಸಿ. ಪ್ರತಿ ಸಲ ಕೋಡ್ ಬದಲಾಗುವ ರೋಲಿಂಗ್ ಕೋಡ್ ಮಾದರಿಯಾ ಅಂತ ಅಲ್ಲೇ ಕೇಳಿ. ಅಲ್ಲ ಅಂದರೆ ಅದಕ್ಕೆ ರಿಮೋಟ್ ಸ್ಟಾರ್ಟ್ ಜೋಡಿಸದೆ ಕಿಟ್ಟನ್ನೇ ಬದಲಿಸಿ.