ಮೈದಾನದ ಮಾತು: ಬಿಸಿ ಆರದ ಕುರ್ಚಿ

ಪ್ರಶ್ನೆ: ಮ್ಯಾನೇಜರ್ ಸರ್ ಅಲೆಕ್ಸ್ ಫರ್ಗೂಸನ್ ಬಿಟ್ಟ ಮೇಲೆ ಮ್ಯಾಂಚೆಸ್ಟರ್ ಯುನೈಟೆಡ್ ನೆಲಕಚ್ಚಿತು. ಯುರ್ಗೆನ್ ಕ್ಲಾಪ್ ಬಿಟ್ಟ ಮರುವರ್ಷವೇ ಲಿವರ್‌ಪೂಲ್ ಲೀಗ್ ಗೆದ್ದಿತು. ಹೀಗೇಕೆ? ಫರ್ಗೂಸನ್ ಜಾಗಕ್ಕೆ ಬಂದ ಡೇವಿಡ್ ಮೋಯ್ಸ್ ಅವರನ್ನು ಹತ್ತೇ ತಿಂಗಳಿಗೆ ಕಳಿಸಿದ್ದು ಅನ್ಯಾಯವಲ್ಲವೇ? ಫರ್ಗೂಸನ್ ಮೊದಲ ಕಪ್ ಗೆಲ್ಲಲೂ ಮೂರೂವರೆ ವರ್ಷ ಬೇಕಾಯಿತಲ್ಲ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. 2013ರ ಮೇ ತಿಂಗಳಲ್ಲಿ ಮೋಯ್ಸ್ ಸರಿಯಾದ ಆಯ್ಕೆ ಎಂದು ಗೆಳೆಯರ ಮುಂದೆ ಪಂಥ ಕಟ್ಟಿದವನು ನಾನು. ನಾಲ್ಕು ಜನರ ಊಟದ ಬಿಲ್ಲು ತೆತ್ತಿದ್ದೇನೆ.

ನಿಮ್ಮ ಹೋಲಿಕೆ ಅರ್ಧ ಮಾತ್ರ ಸರಿ. 1986ರ ನವೆಂಬರ್‌ನಲ್ಲಿ ಫರ್ಗೂಸನ್ ಬಂದಾಗ ಯುನೈಟೆಡ್ ಲೀಗ್ ಗೆದ್ದು 19 ವರ್ಷವಾಗಿತ್ತು. 1989–90ರಲ್ಲಿ ತಂಡ 13ನೆಯ ಸ್ಥಾನಕ್ಕೆ ಇಳಿದಾಗ ಜನ ಗೊಣಗಿದರು, ನಿಜ. ಆದರೆ 'ಹೋದ ವರ್ಷ ಹೀಗಿರಲಿಲ್ಲ' ಎನ್ನುವಂತಿರಲಿಲ್ಲ. ಮೋಯ್ಸ್ ಕೂತದ್ದು 26 ವರ್ಷ ಮತ್ತು 38 ಟ್ರೋಫಿಗಳ ಬಿಸಿ ಇನ್ನೂ ಆರದ ಕುರ್ಚಿಯಲ್ಲಿ. ಎವರ್ಟನ್‌ನಲ್ಲಿ 11 ವರ್ಷ ದುಡಿದಿದ್ದ ಅವರ ಕೈಯಲ್ಲಿ ದೊಡ್ಡ ಕಪ್ ಒಂದೂ ಇರಲಿಲ್ಲ.

ಅಷ್ಟಾದರೂ ತಪ್ಪಿನ ದೊಡ್ಡ ಪಾಲು ಕ್ಲಬ್ಬಿನದು. ಮದುವೆಯ ಮನೆಯಲ್ಲಿ ಭಟ್ಟರು ಹೊರಟರೆ ಇನ್ನೊಬ್ಬ ಭಟ್ಟರು ಬರಬಹುದು. ಆದರೆ ಅದೇ ದಿನ ಉಗ್ರಾಣದ ಕೀಲಿಕೈ ಇಟ್ಟುಕೊಂಡವರೂ ಹೊರಟರೆ? ಆ ಬೇಸಿಗೆಯಲ್ಲಿ ಫರ್ಗೂಸನ್ ಜೊತೆಗೆ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಕೂಡ ಹುದ್ದೆ ಬಿಟ್ಟರು. ಆಟಗಾರರನ್ನು ಕೊಳ್ಳುವ, ಮಾರುವ ಒಳದಾರಿಗಳು ಗೊತ್ತಿದ್ದ ಇಬ್ಬರೂ ಒಟ್ಟಿಗೇ ಹೋದರು. ಪೇಟೆಯ ಕೊನೆಯ ದಿನದವರೆಗೆ ತಡಕಾಡಿ ಕ್ಲಬ್ ತಂದ ದೊಡ್ಡ ಆಟಗಾರ ಮರುವಾನ್ ಫೆಲೈನಿ ಒಬ್ಬರೇ, ಅದೂ ಮೋಯ್ಸ್ ಅವರ ಹಳೆಯ ಎವರ್ಟನ್‌ನಿಂದಲೇ. ಇತ್ತ ಫರ್ಡಿನೆಂಡ್, ವಿಡಿಚ್, ಎವ್ರಾ ಎಲ್ಲರೂ ಮೂವತ್ತು ದಾಟಿದ್ದರು; ಗಿಗ್ಸ್ ನವೆಂಬರ್‌ನಲ್ಲಿ ನಲವತ್ತು ಮುಟ್ಟಿದರು. ಹಿಂದಿನ ವರ್ಷ 11 ಪಾಯಿಂಟ್‌ಗಳ ಅಂತರದಿಂದ ಗೆದ್ದದ್ದು ಇದೇ ಮಂಡಿಗಳ ಮೇಲೆ ಎಂಬುದನ್ನು ನನ್ನಂಥವರು ಗಮನಿಸಲಿಲ್ಲ.

ಇನ್ನು ಮೋಯ್ಸ್ ತಾವಾಗಿಯೇ ಮಾಡಿಕೊಂಡದ್ದು: ಫರ್ಗೂಸನ್ ಅವರ ಸಹಾಯಕರಾಗಿದ್ದ ಮೈಕ್ ಫೀಲನ್, ರೆನೆ ಮ್ಯೂಲೆನ್‌ಸ್ಟೀನ್, ಗೋಲ್‌ಕೀಪಿಂಗ್ ಕೋಚ್ ಎರಿಕ್ ಸ್ಟೀಲ್ ಮೂವರೂ ಹೋಗಿ, ಎವರ್ಟನ್‌ನ ತಮ್ಮವರು ಒಳಗೆ ಬಂದದ್ದು. ಮನೆಯ ಯಾವ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಹೇಳಬಲ್ಲವರೇ ಉಳಿಯಲಿಲ್ಲ. 2014ರ ಫೆಬ್ರವರಿ 9ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಕೊನೆಯ ಸ್ಥಾನದ ಫುಲ್ಹ್ಯಾಮ್ ಎದುರು ಯುನೈಟೆಡ್ 80ಕ್ಕೂ ಹೆಚ್ಚು ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಕಳಿಸುವ ಚೆಂಡು) ಹಾಕಿತು. ಒಂದೇ ಉಪಾಯ, ಮತ್ತೆ ಮತ್ತೆ. ಹೆಚ್ಚುವರಿ ಸಮಯದಲ್ಲಿ ಫುಲ್ಹ್ಯಾಮ್ ಗೋಲು ಹೊಡೆದು 2–2 ಮಾಡಿತು. ಆ ದಿನ ಫುಲ್ಹ್ಯಾಮ್ ಬೆಂಚಿನಲ್ಲಿ ಮ್ಯಾನೇಜರ್ ಆಗಿ ಕೂತಿದ್ದವರು ಇದೇ ಮ್ಯೂಲೆನ್‌ಸ್ಟೀನ್! (ಅವರೂ ಸುಖಪಡಲಿಲ್ಲ, ಐದೇ ದಿನಕ್ಕೆ ಅವರ ಜಾಗಕ್ಕೆ ಇನ್ನೊಬ್ಬರು ಬಂದರು.) ಏಪ್ರಿಲ್ 22ಕ್ಕೆ ಮೋಯ್ಸ್ ಅವರನ್ನು ಕಳಿಸಲಾಯಿತು. ಆರು ವರ್ಷದ ಒಪ್ಪಂದ, ತಂಡ ಕೊನೆಗೆ 7ನೆಯ ಸ್ಥಾನ. ಇನ್ನೊಂದು ವರ್ಷ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದರೆ, 6ನೆಯ ಸ್ಥಾನ ಎನ್ನುತ್ತೇನೆ. ಇದೇ ಮೋಯ್ಸ್ 2023ರಲ್ಲಿ ವೆಸ್ಟ್ ಹ್ಯಾಮ್‌ಗೆ ಯುರೋಪಿನ ಕಾನ್ಫರೆನ್ಸ್ ಲೀಗ್ ಕಪ್ ಗೆದ್ದುಕೊಟ್ಟರು ಎಂಬುದನ್ನೂ ಮರೆಯಬಾರದು.

ಲಿವರ್‌ಪೂಲ್‌ನಲ್ಲಿ ಕ್ಲಾಪ್ 2024ರ ಜನವರಿಯಲ್ಲೇ ಹೊರಡುವುದಾಗಿ ಹೇಳಿದ್ದರಿಂದ ಹುಡುಕಲು ಪುರುಸೊತ್ತು ಸಿಕ್ಕಿತು. ಹೊಸ ಮ್ಯಾನೇಜರ್ ಆರ್ನೆ ಸ್ಲಾಟ್ ಬಂದು ಮಾಡಿದ್ದು ಕಡಿಮೆ. ಆ ಋತುವಿನಲ್ಲಿ ಆಡಲು ಬಂದ ಹೊಸಬರು ಕಿಯೇಸಾ ಒಬ್ಬರೇ. ಮಧ್ಯದಲ್ಲಿ ಬೇಕಾಗಿದ್ದ ಸುಬಿಮೆಂಡಿ ಬರಲೊಪ್ಪದಿದ್ದಾಗ, ಬೆಂಚಿನಲ್ಲಿ ಹೆಚ್ಚು ಕೂರುತ್ತಿದ್ದ ಗ್ರಾವೆನ್‌ಬೆರ್ಖ್ ಅವರನ್ನೇ ಡಿಫೆಂಡರ್‌ಗಳ ಮುಂದೆ ನಿಲ್ಲಿಸಿದರು. ನಾಲ್ಕು ಪಂದ್ಯ ಬಾಕಿಯಿರುವಾಗಲೇ ಲೀಗ್ ಕೈಸೇರಿತು. ಮರುವರ್ಷ ಹಣ ಸುರಿದು ಅರ್ಧ ತಂಡವನ್ನು ತಿರುವಿ ಹಾಕಿದ ಮೇಲೆ ಲೀಗ್‌ನಲ್ಲಿ ಸತತ ನಾಲ್ಕು ಸೋಲು ಬಂದವು. ಅದಕ್ಕೆ ಇದೊಂದೇ ಕಾರಣ ಎನ್ನಲಾರೆ. 2025ರ ಜುಲೈಯಲ್ಲಿ ತಂಡದ ಆಟಗಾರ ಡಿಯೊಗೊ ಜೋಟಾ ಅಪಘಾತದಲ್ಲಿ ತೀರಿಕೊಂಡಿದ್ದರು, ಆ ಡ್ರೆಸ್ಸಿಂಗ್ ರೂಮಿನ ದುಃಖವನ್ನು ಪಾಯಿಂಟ್ ಪಟ್ಟಿಯಲ್ಲಿ ಅಳೆಯುವ ಧೈರ್ಯ ನನಗಿಲ್ಲ.

ಪ್ರಶ್ನೆ: ಬಿಟ್ಟುಹೋದ ಮ್ಯಾನೇಜರ್ ಪಂದ್ಯ ನೋಡಲು ಬಂದು ಕೂರುವುದು ಸರಿಯೇ? ತಂಡ ಸೋಲುವಾಗಲೆಲ್ಲ ಟಿ.ವಿ.ಯವರು ಫರ್ಗೂಸನ್ ಮುಖವನ್ನೇ ತೋರಿಸುತ್ತಿದ್ದರು.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಟಿಕೆಟಿನ ಹಕ್ಕು ಎಲ್ಲರಿಗೂ ಇದೆ. ಆದರೆ ನಾನು ಬೆಂಗಳೂರಿನ ಸಣ್ಣ ತಂಡವೊಂದರಲ್ಲಿ ಲೆಫ್ಟ್ ಬ್ಯಾಕ್ ಆಡುತ್ತಿದ್ದಾಗ ನಮ್ಮ ಹಳೆಯ ಕೋಚ್ ನಿವೃತ್ತರಾದ ಮೇಲೂ ಸಂಜೆ ಕೊಡೆ ಹಿಡಿದು ಬಂದು ಗೋಲ್‌ಪೋಸ್ಟಿನ ಹಿಂದೆ ನಿಲ್ಲುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ. ಹೊಸ ಕೋಚ್ 'ಮುಂದೆ ಹೋಗು' ಎಂದು ಕೂಗಿದರೆ ನಾನು ಕೊಡೆಯ ಕಡೆ ನೋಡುತ್ತಿದ್ದೆ. ಕೊಡೆಯ ತುದಿ ನೆಲಕ್ಕೆ ಬಡಿದರೆ ನಿಂತಲ್ಲೇ ನಿಲ್ಲು ಎಂದು ಅರ್ಥಮಾಡಿಕೊಳ್ಳುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಕೇಳಿದಾಗ ಅವರು ನಕ್ಕರು: 'ಕಾಲಿಗೆ ಇರುವೆ ಹತ್ತುತ್ತಿತ್ತಪ್ಪ.'

ದೊಡ್ಡವರ ಕಥೆಯೂ ಇದೇ. 1974ರಲ್ಲಿ ಲಿವರ್‌ಪೂಲ್ ಬಿಟ್ಟ ಬಿಲ್ ಶಾಂಕ್ಲಿ ಅಭ್ಯಾಸದ ಮೈದಾನಕ್ಕೆ ಬರುವುದನ್ನು ಬಿಡಲಿಲ್ಲ. ಆಟಗಾರರು ಅವರನ್ನು 'ಬಾಸ್' ಎಂದೂ ಹೊಸ ಮ್ಯಾನೇಜರ್ ಪೇಸ್ಲಿ ಅವರನ್ನು 'ಬಾಬ್' ಎಂದೂ ಕರೆಯುತ್ತಿದ್ದರು. ಕ್ಲಬ್ಬಿಗೆ ಮುಜುಗರ, ಶಾಂಕ್ಲಿಗೆ ನೋವು. ಕೊನೆಗೆ ಆ ಹಿರಿಯರು ಎದುರಾಳಿ ಎವರ್ಟನ್‌ನ ಮೈದಾನಕ್ಕೆ ಹೋಗತೊಡಗಿದರು. ಒಲ್ಲೆ ಒಲ್ಲೆ ಎನ್ನುತ್ತಲೇ ಒಪ್ಪಿಕೊಂಡಿದ್ದ ಪೇಸ್ಲಿ ಒಂಬತ್ತು ವರ್ಷಗಳಲ್ಲಿ ಆರು ಲೀಗ್, ಮೂರು ಯುರೋಪಿಯನ್ ಕಪ್ ಗೆದ್ದರು. ಯುನೈಟೆಡ್‌ನಲ್ಲಿ 1969ರಲ್ಲಿ ಮ್ಯಾಟ್ ಬಸ್ಬಿ ಕ್ಲಬ್ಬಿನೊಳಗೇ ಉಳಿದರು. ಉತ್ತರಾಧಿಕಾರಿ ವಿಲ್ಫ್ ಮೆಕ್‌ಗಿನ್ನೆಸ್ ಮರುವರ್ಷದ ಡಿಸೆಂಬರ್ ದಾಟಲಿಲ್ಲ, ಬಸ್ಬಿಯೇ ಮತ್ತೆ ಬರಬೇಕಾಯಿತು.

ಪ್ರಶ್ನೆ: ನಮ್ಮ ಬೆಂಗಳೂರು ಎಫ್‌ಸಿಯಲ್ಲಿ ಇಂಥದ್ದು ನಡೆದಿದೆಯೇ?
— ಓದುಗರೊಬ್ಬರು, ಕೋಲಾರ

ಉತ್ತರ: ಮೂರು ವರ್ಷವನ್ನು ದೀರ್ಘ ಎನ್ನುವುದಾದರೆ ಹೌದು, ಭಾರತದಲ್ಲಿ ಅದು ದೀರ್ಘವೇ. ಎರಡು ಐ-ಲೀಗ್ ಗೆದ್ದುಕೊಟ್ಟ ಆಶ್ಲಿ ವೆಸ್ಟ್‌ವುಡ್ 2016ರಲ್ಲಿ ಹೋಗಿ ಆಲ್ಬರ್ಟ್ ರೋಕಾ ಬಂದರು. ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯಾದ ಜೋಹರ್ ತಂಡವನ್ನು 3–1ರಿಂದ ಸೋಲಿಸಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದರು. ಎರಡು ಗೋಲು ಸುನಿಲ್ ಚೆಟ್ರಿಯವರದು. ಆ ರಾತ್ರಿ ವೆಸ್ಟ್‌ವುಡ್ ಹೆಸರು ನನ್ನ ಸುತ್ತ ಯಾರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಇಲ್ಲ.

ಪ್ರಶ್ನೆ: ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು 22 ವರ್ಷಗಳ ಸೇವೆಯ ನಂತರ ನಿವೃತ್ತರಾದರು. ಜೂನ್‌ನಿಂದ ಫುಟ್‌ಬಾಲ್ ತಂಡ ನನ್ನ ಕೈಗೆ ಬರುತ್ತದೆ. ಮೊದಲ ದಿನ ಏನು ಮಾಡಲಿ?
— ಓದುಗರೊಬ್ಬರು, ಮಂಗಳೂರು

ಉತ್ತರ: ಭಾಷಣ ಬೇಡ. ಮೈದಾನಕ್ಕೆ ಸುಣ್ಣದ ಗೆರೆ ಹಾಕುವವರ ಜೊತೆ ಚಹಾ ಕುಡಿಯಿರಿ; ಯಾವ ಹುಡುಗ ಮಳೆಯಲ್ಲೂ ಬರುತ್ತಾನೆ, ಯಾವನ ಮನೆಯಲ್ಲಿ ಕಷ್ಟವಿದೆ ಎಂದು ಅವರಿಗೆ ಗೊತ್ತಿರುತ್ತದೆ. ಅಭ್ಯಾಸದ ಹೊತ್ತನ್ನು ಒಂದು ತಿಂಗಳು ಬದಲಿಸಬೇಡಿ. ಹಳೆಯ ಮೇಷ್ಟ್ರ ಸೀಟಿ ಮೇಜಿನ ಖಾನೆಯಲ್ಲಿ ಉಳಿದಿದ್ದರೆ ಊದಬೇಡಿ, ಅವರ ಮನೆಗೆ ತಲುಪಿಸಿ ಬನ್ನಿ. ಮಳೆಗಾಲವಾದ್ದರಿಂದ ಅವರೂ ಕೊಡೆ ಹಿಡಿದು ಬಂದರೆ, ಗೋಲ್‌ಪೋಸ್ಟಿನ ಹಿಂದೆ ನಿಲ್ಲಿಸಬೇಡಿ. ನಿಮ್ಮ ಪಕ್ಕದಲ್ಲೇ ಒಂದು ಕುರ್ಚಿ ಹಾಕಿಸಿ, ಇರುವೆ ಇಲ್ಲದ ಕಡೆ.