ಕೊನೆಗೆ ಸೋಲೇ ಅಂತ ಗೊತ್ತಿದ್ದ ಮೇಲೆ ಫ್ರೆಂಚ್ ನ್ವಾರ್ (ಅಪರಾಧ, ಸೋಲುಗಳ ಕತ್ತಲೆ ತುಂಬಿದ ಕಥೆಗಳ) ಸಿನಿಮಾ ಯಾಕೆ ನೋಡಬೇಕು? ಸ್ವಲ್ಪ ಹಗುರವಾದದ್ದು ಇದ್ದರೆ ಹೇಳಿ
ಕಾಲೇಜಿನಲ್ಲಿದ್ದಾಗ ನಾನೂ ಇದನ್ನೇ ಕೇಳುತ್ತಿದ್ದೆ. ನಿರ್ದೇಶಕ ಜಾಕ್ ಬೆಕೆರ್‌ನ 'ತೂಶೆ ಪಾ ಓ ಗ್ರಿಸ್ಬಿ' (1954) ನೋಡಲು ಕೂತವನು ಗುಂಡು ಹಾರುವುದು ಯಾವಾಗ ಅಂತಲೇ ಕಾಯುತ್ತಿದ್ದೆ. ಕದ್ದ ಚಿನ್ನದ ಗಟ್ಟಿಗಳಿವೆ, ಅದರ ವಾಸನೆ ಹಿಡಿದು ಬಂದ ಎದುರಾಳಿ ಗ್ಯಾಂಗ್ ಇದೆ, ಆದರೂ ಕದ್ದವರು ಊಟ ಮಾಡುತ್ತಾ ಕೂತಿದ್ದಾರಲ್ಲ ಅಂತ ಸಿಟ್ಟು ಬಂದು ಆ ದೃಶ್ಯಗಳನ್ನೆಲ್ಲ ಫಾರ್ವರ್ಡ್ ಮಾಡಿ ಓಡಿಸಿಬಿಟ್ಟೆ.

ಓಡಿಸಿದ್ದರಲ್ಲೇ ಸಿನಿಮಾ ಇತ್ತು. ವಯಸ್ಸಾಗುತ್ತಿರುವ ಗ್ಯಾಂಗ್‌ಸ್ಟರ್ ಮ್ಯಾಕ್ಸ್, ಅಂದರೆ ನಟ ಝಾನ್ ಗಾಬ್ಯಾಂ, ಗೆಳೆಯ ರಿತೋನನ್ನು ತನ್ನ ಗುಟ್ಟಿನ ಮನೆಗೆ ಕರೆತರುತ್ತಾನೆ. ಇಬ್ಬರೂ ರಸ್ಕ್ ಮೇಲೆ ಪಾತೆ (ಅರೆದ ಮಾಂಸದ ಪೇಸ್ಟ್) ಸವರಿಕೊಂಡು ವೈನ್ ಜೊತೆ ತಿನ್ನುತ್ತಾರೆ. ಆಮೇಲೆ ಮ್ಯಾಕ್ಸ್ ಅವನಿಗೆ ಪೈಜಾಮ, ಟೂತ್‌ಬ್ರಷ್ ಕೊಡುತ್ತಾನೆ. ರಿತೋನ್ ಒಬ್ಬನೇ ಕನ್ನಡಿ ಮುಂದೆ ನಿಂತು ತನ್ನ ಮುಖ ನೋಡಿಕೊಳ್ಳುತ್ತಾನೆ. ಇದನ್ನು ಬಿಟ್ಟು ನೋಡಿದರೆ, ಮುಂದೆ ಅದೇ ರಿತೋನನನ್ನು ಬಿಡಿಸಲು ಮ್ಯಾಕ್ಸ್ ಚಿನ್ನವನ್ನೇ ಒಪ್ಪಿಸಲು ಹೊರಡುವುದು ಶುದ್ಧ ದಡ್ಡತನವಾಗಿ ಕಾಣುತ್ತದೆ. ನನಗೆ ಕಂಡಿದ್ದೂ ಹಾಗೇ. 'ಇವರದ್ದು ಬರೀ ಗೋಳು' ಅಂದುಕೊಂಡು ವರ್ಷಗಟ್ಟಲೆ ಆ ಕಡೆ ತಲೆ ಹಾಕಲಿಲ್ಲ. ಎಷ್ಟೊಂದು ಒಳ್ಳೆಯ ಸಿನಿಮಾಗಳು ಅದರಿಂದ ತಪ್ಪಿಹೋದವು!

ಹಾಗಾಗಿ ಹಗುರವಾದದ್ದನ್ನು ಹುಡುಕಬೇಡಿ. ಕೊನೆ ಗೊತ್ತಿರುವುದು ಈ ಸಿನಿಮಾಗಳ ಕೊರತೆ ಅಂತ ನಾನು ಒಪ್ಪುವುದಿಲ್ಲ. ಮಾರ್ಸೆಲ್ ಕಾರ್ನೆಯ 'ಲೆ ಜೂರ್ ಸೆ ಲೆವ್' (1939) ಶುರುವಾಗುವುದೇ ಕೊಲೆಯಿಂದ. ಕೊಂದವನು ಕಾರ್ಖಾನೆ ಕೆಲಸಗಾರ ಫ್ರಾನ್ಸ್ವಾ, ಇಲ್ಲೂ ಗಾಬ್ಯಾಂ. ಮಹಡಿಯ ಕೋಣೆಯಲ್ಲಿ ಬಾಗಿಲಿಗೆ ಬೀರು ಅಡ್ಡವಿಟ್ಟುಕೊಂಡು ಕೂತಿದ್ದಾನೆ, ಕೆಳಗೆ ಪೊಲೀಸರು. ಬೆಂಕಿಕಡ್ಡಿ ಇಲ್ಲ, ಒಂದು ಸಿಗರೇಟಿನ ಕಿಡಿಯಿಂದಲೇ ಇನ್ನೊಂದನ್ನು ಹಚ್ಚಿಕೊಳ್ಳಬೇಕು. ಬೆಳಗಾಗುವಷ್ಟರಲ್ಲಿ ಏನಾಗುತ್ತದೆ ಅಂತ ನಮಗೆ ಮೊದಲೇ ಗೊತ್ತು. ಗೊತ್ತಿರುವುದಕ್ಕೇ ಅವನು ಪ್ರೀತಿಸಿದ ದಿನಗಳ ನೆನಪು ಅಷ್ಟು ನೋಯಿಸುತ್ತದೆ. 1936ರಲ್ಲಿ ಎಡಪಕ್ಷಗಳ ಸರ್ಕಾರ ಬಂದಾಗ ಫ್ರೆಂಚ್ ಕಾರ್ಮಿಕರಲ್ಲಿ ಚಿಗುರಿದ್ದ ಆಸೆ ಆ ಹೊತ್ತಿಗೆ ಕಮರಿತ್ತು, ಯುದ್ಧ ಬಾಗಿಲಲ್ಲಿತ್ತು. ಜನರ ಸ್ಥೈರ್ಯ ಕೆಡಿಸುತ್ತದೆ ಅಂತ ಈ ಸಿನಿಮಾವನ್ನು ನಿಷೇಧಿಸಿದರು. ನನಗೇನೋ ಒಬ್ಬ ಸಾಮಾನ್ಯ ಕೆಲಸಗಾರನ ದುಃಖಕ್ಕೆ ಇಷ್ಟು ಮರ್ಯಾದೆ ಕೊಟ್ಟ ಸಿನಿಮಾ ಇನ್ನೊಂದು ಸಿಕ್ಕಿಲ್ಲ.

ನೀವು ಇದರಿಂದಲೇ ಶುರು ಮಾಡಿ, ಒಂದೇ ಸಲಕ್ಕೆ ಕೂತು ನೋಡಿ. ಇಲ್ಲ, ಕಳ್ಳತನವೇ ಬೇಕು ಅಂದರೆ 'ರಿಫಿಫಿ' (1955) ಇದೆ. ಅದರಲ್ಲಿ ಸುಮಾರು ಅರ್ಧ ಗಂಟೆ ಮಾತೂ ಇಲ್ಲ, ಸಂಗೀತವೂ ಇಲ್ಲ. ಮೇಲಿನ ಮನೆಯಿಂದ ನೆಲ ಕೊರೆಯುವವರು ಗಾರೆಯ ಚೂರು ಬಿದ್ದು ಸದ್ದಾಗದಿರಲಿ ಅಂತ ತೂತಿನಿಂದ ಛತ್ರಿ ಇಳಿಬಿಟ್ಟು ಬಿಚ್ಚುತ್ತಾರೆ. ಅಲ್ಲಿ ಮಾತ್ರ ದಯವಿಟ್ಟು ಓಡಿಸಬೇಡಿ.